ಎಂ1 ಗ್ಯಾರಂಡ್‌ಗೆ 180 ಗ್ರೇನಿನ ಬೇಟೆ ತೋಟಾ ಹಾಕಬಹುದಾ?

ಹಾಕಬೇಡಿ. ಗ್ಯಾರಂಡ್ ಅಂದರೆ ಹಾರಿಸಿದ ಗ್ಯಾಸಿನ ಬಲದಿಂದ ತಾನೇ ಮುಂದಿನ ತೋಟಾ ತುಂಬಿಕೊಳ್ಳುವ ಹಳೆಯ ಸೇನಾ ರೈಫಲ್; ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ. ನೀವು ತಂದಿಟ್ಟುಕೊಂಡಿರುವ 180 ಗ್ರೇನಿನ ಎರಡು ಪ್ಯಾಕೆಟ್ ಇದೆಯಲ್ಲ, ಅಂಥದ್ದೇ ನಾನೂ ತಂದಿದ್ದೆ. ಪ್ಯಾಕೆಟ್ ಮೇಲೆ .30-06 ಅಂತಿದೆ, ರೈಫಲ್ ಕೂಡ ಅದೇ ಅಳತೆಯದು, ಇನ್ನೇನು ನೋಡೋದಿದೆ ಅಂತ ನನಗೂ ಅನಿಸಿತ್ತು.

ನನ್ನ ಹತ್ತಿರ ಮೊದಲಿಂದಲೂ ಒಂದು ಬೋಲ್ಟ್ ರೈಫಲ್, ಅಂದರೆ ಪ್ರತಿ ಸಲ ಕೈಯಲ್ಲೇ ಎಳೆದು ತೋಟಾ ತುಂಬುವಂಥದ್ದು, ಇತ್ತು. ಅದೂ .30-06. ಏನು ತುಂಬಿದರೂ ಗೊಣಗದೆ ಹಾರಿಸುತ್ತಿತ್ತು. ಗ್ಯಾರಂಡ್ ಬಂದಾಗ ಎರಡಕ್ಕೂ ಒಂದೇ ಪ್ಯಾಕೆಟ್ ಸಾಕು ಅಂತ ಲೆಕ್ಕ ಹಾಕಿದೆ. ಮೊದಲ ದಿನ ಗುರಿ ಚೆನ್ನಾಗಿಯೇ ಕೂತಿತು. ಖಾಲಿ ಕೇಸುಗಳು ಮಾತ್ರ ಪಕ್ಕದವರ ಬೆಂಚು ದಾಟಿ ಬೀಳುತ್ತಿದ್ದವು. ಹೆಕ್ಕಿ ನೋಡಿದರೆ ಕೆಲವದರ ಅಂಚಿನಲ್ಲಿ ಹಲ್ಲು ಊರಿದ ಹಾಗೆ ಗುರುತು. ರೈಫಲ್ ಬೇಡ ಬೇಡ ಅಂತಿತ್ತು. ನಾನು ಪವರ್ ಜಾಸ್ತಿ ಇದೆ ಅಂತ ಖುಷಿಪಡುತ್ತಿದ್ದೆ!

ಮೂರನೇ ಸಲ ಹೋದಾಗ ಗ್ಯಾರಂಡ್‌ನ ಬೋಲ್ಟ್ (ತೋಟಾದ ಹಿಂಬದಿ ಮುಚ್ಚುವ ಭಾಗ) ಅರ್ಧಕ್ಕೆ ನಿಂತುಬಿಟ್ಟಿತು. ಮನೆಗೆ ತಂದು ಬಿಚ್ಚಿದೆ. ಸ್ಪ್ರಿಂಗ್ ತೆಗೆದು, ರಾಡ್ ಮತ್ತು ಬೋಲ್ಟ್ ಮಾತ್ರ ಇಟ್ಟು ರೈಫಲನ್ನು ಓರೆ ಮಾಡಿದರೆ ಬೋಲ್ಟನ್ನು ಹಿಂದೆ ಮುಂದೆ ಓಡಿಸುವ ಆಪರೇಟಿಂಗ್ ರಾಡ್ ತನ್ನ ಭಾರಕ್ಕೆ ತಾನೇ ಸರಾಗವಾಗಿ ಜಾರಬೇಕು. ನನ್ನದು ಎರಡು ಬೆರಳು ಬಾಕಿ ಇದ್ದಾಗಲೇ ಸಿಕ್ಕಿಕೊಳ್ಳುತ್ತಿತ್ತು. ಅದರ ಪಕ್ಕದಲ್ಲಿ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುವ ಒಂದು ಗೆರೆ. ರಾಡ್ ಬಾಗಿತ್ತು.

ನನ್ನ ತಪ್ಪು ಏನು ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಬಹಳ ಜನ ಅದನ್ನು "ತೋಟಾ ಸ್ಟ್ರಾಂಗ್ ಆಯ್ತು" ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಅದು ಪೂರ್ತಿ ಸರಿಯಲ್ಲ. ತೋಟಾ ಕೂರುವ ಚೇಂಬರಿನ ಒತ್ತಡದ ಲೆಕ್ಕದಲ್ಲಿ ಆ ತೋಟಾ ಮಿತಿಯೊಳಗೇ ಇತ್ತು. ಅದಕ್ಕೇ ಬೋಲ್ಟ್ ರೈಫಲ್‌ಗೆ ಏನೂ ಆಗಲಿಲ್ಲ. ಗ್ಯಾರಂಡ್‌ನಲ್ಲಿ ಇನ್ನೊಂದು ಒತ್ತಡ ಇದೆ. ಬ್ಯಾರೆಲ್ಲಿನ ಬಾಯಿಗೆ ತೀರಾ ಹತ್ತಿರ, ಕೆಳಗಡೆ, ಒಂದು ಸಣ್ಣ ತೂತು. ಗುಂಡು ಅದನ್ನು ದಾಟಿದ ಕೂಡಲೇ ಹಿಂದಿನ ಗ್ಯಾಸ್ ಅಲ್ಲಿಂದ ನುಗ್ಗಿ ರಾಡನ್ನು ಹಿಂದಕ್ಕೆ ತಳ್ಳುತ್ತದೆ. ಆ ಕ್ಷಣಕ್ಕೆ ಗ್ಯಾಸ್ ಎಷ್ಟು ಬಿರುಸಾಗಿದೆ ಅನ್ನೋದೇ ಮುಖ್ಯ. ಬೇಗ ಉರಿಯುವ ಮದ್ದಾದರೆ ಗುಂಡು ತೂತಿನ ಹತ್ತಿರ ಬರುವಷ್ಟರಲ್ಲಿ ಅದರ ಜೋರು ಇಳಿದಿರುತ್ತದೆ. ಭಾರದ ಗುಂಡಿಗೆ ಸಾಮಾನ್ಯವಾಗಿ ನಿಧಾನಕ್ಕೆ ಉರಿಯುವ ಮದ್ದು ತುಂಬುತ್ತಾರೆ. ತೂತಿನ ಹತ್ತಿರ ಬಂದಾಗಲೂ ಅದರ ಜೋರು ಇಳಿದಿರೋದಿಲ್ಲ. ರಾಡಿಗೆ ಬೀಳುವುದು ತಳ್ಳಲ್ಲ, ಒದೆ. ಮೊದಲೇ ಅದು ಉದ್ದ, ತೆಳು, ಬ್ಯಾರೆಲ್ ಕೆಳಗೆ ಸೊಟ್ಟಗೆ ಸಾಗುವ ರಾಡ್. ಪ್ಯಾಕೆಟ್ ಮೇಲೆ ಈ ಒತ್ತಡದ ಬಗ್ಗೆ ಒಂದಕ್ಷರವೂ ಇರಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ.

ಜಾನ್ ಗ್ಯಾರಂಡ್ ಅವರ ಈ ರೈಫಲನ್ನು ಅಮೆರಿಕದ ಸೇನೆ 1936ರಲ್ಲಿ ಒಪ್ಪಿಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಇದಕ್ಕೆ ಹಾಕುತ್ತಿದ್ದ ಸೇನೆಯ ಸಾಮಾನ್ಯ ತೋಟಾ ಎಂ2 ಬಾಲ್: ಸುಮಾರು 150 ಗ್ರೇನಿನ ಗುಂಡು, ಸೆಕೆಂಡಿಗೆ 2,740 ಅಡಿ ವೇಗ. ಹಾಗಾಗಿ "ಗುಂಡು ಭಾರ ಇದ್ದಷ್ಟೂ ಒಳ್ಳೆಯದು ಅಲ್ವಾ" ಅನ್ನೋ ನಿಮ್ಮ ಪ್ರಶ್ನೆಯೇ ಇಲ್ಲಿಗೆ ಹೊಂದುವುದಿಲ್ಲ. ಈ ರೈಫಲ್‌ಗೆ ಎಂ2 ಅಳತೆಯದು ಅಥವಾ ಗ್ಯಾರಂಡ್‌ಗೆ ಅಂತಲೇ ಬರೆದು ಮಾರುವ ತೋಟಾ ತನ್ನಿ. 150 ಗ್ರೇನ್ ಅನ್ನೋ ಸಂಖ್ಯೆ ನೋಡಿ ಬೇಟೆ ತೋಟಾ ಎತ್ತಿಕೊಳ್ಳಬೇಡಿ, ಒಳಗಿನ ಮದ್ದು ಯಾವುದೋ ಯಾರಿಗೆ ಗೊತ್ತು? ಹಳೆಯ ಸೇನೆಯ ಮಾಲು ಸಿಕ್ಕಿ, ಅದು 1950ಕ್ಕಿಂತ ಹಿಂದಿನದಾದರೆ ಮದ್ದಿಗೆ ಕಿಡಿ ಕೊಡುವ ಪ್ರೈಮರ್ ಬಹುತೇಕ ತುಕ್ಕು ಹಿಡಿಸುವ ಜಾತಿಯದು. ಹಾರಿಸಿದ ದಿನವೇ ಬ್ಯಾರೆಲ್, ಗ್ಯಾಸ್ ಸಿಲಿಂಡರ್ ಎರಡನ್ನೂ ನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು.

ಗ್ಯಾಸ್ ಹೊರಗೆ ಬಿಡುವ ಅಡ್ಜಸ್ಟಬಲ್ ಪ್ಲಗ್ ಹಾಕಿದರೆ ಆಗಲ್ವಾ ಅಂತಲೂ ಕೇಳಿದ್ದೀರಿ. ಆಗುತ್ತದೆ, ಕೆಲಸವೂ ಮಾಡುತ್ತದೆ. ಆದರೆ ತೋಟಾ ಬದಲಾಯಿಸಿದಾಗಲೆಲ್ಲ ಮತ್ತೆ ಹೊಂದಿಸಬೇಕು. ಒಂದು ದಿನ ಮರೆತರೆ ನನ್ನ ಕತೆಯೇ. ನನಗಂತೂ ಬೇಡ.

ಬಾಗಿದ ರಾಡನ್ನು ಸುತ್ತಿಗೆಯಲ್ಲಿ ನೆಟ್ಟಗೆ ಮಾಡಲು ಹೋಗಬೇಡಿ. ಅದರಲ್ಲಿ ಬೇಕಂತಲೇ ಕೊಟ್ಟಿರುವ ಬಾಗು ಇದೆ, ಯಾವುದು ಅಸಲಿ, ಯಾವುದು ನಾವು ಮಾಡಿದ್ದು ಅಂತ ಕಣ್ಣಿಗೆ ತಿಳಿಯೋದಿಲ್ಲ. ನನ್ನದನ್ನು ಗನ್‌ಸ್ಮಿತ್ ನೋಡಿ, ಏನೂ ಮಾತಾಡದೆ ಪಕ್ಕಕ್ಕಿಟ್ಟು ಬೇರೆ ರಾಡ್ ಹಾಕಿದರು. ಬಿಲ್ ಮಾತ್ರ ಜೋರಾಗಿಯೇ ಮಾತಾಡಿತು.

ಆ ಎರಡು ಪ್ಯಾಕೆಟ್ಟನ್ನು .30-06 ಬೋಲ್ಟ್ ರೈಫಲ್ ಇರುವ ಸ್ನೇಹಿತರು ಯಾರಾದರೂ ಇದ್ದರೆ ಅವರಿಗೇ ಕೊಡಿ. ಆಗಲೇ ನಾಲ್ಕಾರು ಹಾರಿಸಿದ್ದರೆ, ಮುಂದಿನ ಸಲ ಹೋಗುವ ಮೊದಲು ಸ್ಪ್ರಿಂಗ್ ತೆಗೆದು, ರೈಫಲ್ ಓರೆ ಮಾಡಿ, ರಾಡ್ ಎಲ್ಲಿಯಾದರೂ ತಡೆಯುತ್ತದಾ ನೋಡಿ.