ಗಾಳಕ್ಕೆ ಕಟ್ಟುವ ನೊಣ: ನಿಮ್ಮ ಪತ್ರ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ನನ್ನ ಹವ್ಯಾಸದ ಬಗ್ಗೆ ಬರೆದಿದ್ದೆ. ಪುಟ್ಟ ಗಾಳಕ್ಕೆ ದಾರ, ಗರಿ ಸುತ್ತಿ ಮೀನಿಗೆ ಹುಳುವಿನಂತೆ ಕಾಣುವ ‘ನೊಣ’ ಮಾಡುವುದು. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ವಾರ್ಫ್ ನದಿ ದಂಡೆಯ ಇಲ್ಕ್ಲಿ ಊರಿನಲ್ಲಿ ನನ್ನ ವಾಸ. ಅಪ್ಪ ಅರಸೀಕೆರೆಯಲ್ಲಿ ಟೈಲರ್ ಆಗಿದ್ದರು, ದಾರದ ನಂಟು ಅಲ್ಲಿಂದ ಬಂದದ್ದು. ಬಂದ ಪತ್ರಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಮೇಡಂ, ನೀವು ಹೇಳಿದ ‘ಪಾರ್ಟ್ರಿಜ್ ಅಂಡ್ ಆರೆಂಜ್’ ನೊಣ ಕಟ್ಟಿದೆ. ಹುಳುವಿನ ಹಾಗೆ ಕಾಣ್ತಿಲ್ಲ, ಬಾಟಲಿ ತೊಳೆಯುವ ಬ್ರಶ್ ಹಾಗಿದೆ. ಫೋಟೋ ಕಳಿಸಿದ್ದೇನೆ. ಎಲ್ಲಿ ತಪ್ಪಿದೆ?
– ವಿದ್ಯಾರ್ಥಿ, ಬ್ರಾಡ್‌ಫರ್ಡ್

ಫೋಟೋ ನೋಡಿ ನಕ್ಕೆ, ಬೇಜಾರು ಮಾಡ್ಕೋಬೇಡಿ. ನನ್ನ ಮೊದಲ ಇಪ್ಪತ್ತು ನೊಣಗಳೂ ಹೀಗೇ ಇದ್ದವು. ತಪ್ಪು ಒಂದೇ, ಎಲ್ಲವೂ ಜಾಸ್ತಿಯಾಗಿದೆ. ದಾರ ಜಾಸ್ತಿ, ಗರಿ ಜಾಸ್ತಿ, ಉದ್ದವೂ ಜಾಸ್ತಿ.

ಈ ನೊಣಕ್ಕೆ ಬೇಕಾದದ್ದು 14ನೇ ಸೈಜಿನ ಗಾಳ, ಕಿತ್ತಳೆ ಬಣ್ಣದ ರೇಷ್ಮೆ ದಾರ, ಪಾರ್ಟ್ರಿಜ್‌ನ ಬೆನ್ನಿನ ಕಂದು ಗರಿ ಒಂದು. ಪಾರ್ಟ್ರಿಜ್ ಅಂದರೆ ನಮ್ಮ ಗೌಜಲಹಕ್ಕಿಯ ನೆಂಟ. ಮೊದಲು ದಾರಕ್ಕೆ ಮೇಣ ಎಳೆಯಿರಿ. ಅಪ್ಪ ಕಾಜಾ ಹೊಲಿಯುವ ಮುಂಚೆ ದಾರವನ್ನು ಜೇನುಮೇಣದ ಉಂಡೆಯ ಮೇಲೆ ಎಳೆಯುತ್ತಿದ್ದರು, ಇದೂ ಹಾಗೇ. ಮೇಣ ಇಲ್ಲದ ದಾರ ಜಾರುತ್ತದೆ. ಜಾರಿದ್ದಕ್ಕೆ ನೀವು ಇನ್ನೆರಡು ಸುತ್ತು ಹಾಕ್ತೀರಿ, ಅಲ್ಲಿಂದಲೇ ದಪ್ಪ ಆಗುವುದು ಶುರು.

ಗಾಳದ ಕಣ್ಣಿನ ಹಿಂದಿನಿಂದ ದಾರವನ್ನು ಒಂದರ ಪಕ್ಕ ಒಂದು ಬರುವ ಹಾಗೆ ಸುತ್ತುತ್ತಾ ಹೋಗಿ. ಗಾಳದ ಮೊನೆಯ ನೇರಕ್ಕೆ ಬಂದ ಕೂಡಲೇ ನಿಲ್ಲಿಸಿ. ನೀವು ಬಾಗಿನ ಕೆಳಗಿನವರೆಗೂ ಇಳಿದಿದ್ದೀರಿ. ಅಲ್ಲಿಂದ ವಾಪಸ್ ಬಂದರೆ ಮೈ ಮುಗಿಯಿತು. ಗರಿಯ ಬುಡದಲ್ಲಿರುವ ಹತ್ತಿಯಂಥ ತುಪ್ಪಳ ಕಿತ್ತುಹಾಕಿ. ಒಂದು ಬದಿಯ ಎಳೆಗಳನ್ನೂ ಪೂರ್ತಿ ಕೀಳಿ. ಕೈ ಬರುವುದಿಲ್ಲ ಅಂತ ಗೊತ್ತು, ಆದರೂ ಕೀಳಿ. ಉಳಿದದ್ದನ್ನು ಎರಡೇ ಸುತ್ತು ಸುತ್ತಿ ಗಂಟು ಹಾಕಿ. ನಿಮ್ಮದರಲ್ಲಿ ಐದು ಸುತ್ತು ಎಣಿಸಿದೆ.

ಇಷ್ಟು ತೆಳ್ಳಗೆ ಯಾಕೆ ಅಂದರೆ, ಇದು ನೀರಿನ ಮೇಲೆ ತೇಲುವ ನೊಣ ಅಲ್ಲ. ನದಿಯ ತಳದಿಂದ ಮೇಲೆದ್ದು ಇನ್ನೇನು ರೆಕ್ಕೆ ಬಿಚ್ಚಬೇಕು ಅನ್ನುವ ಹುಳುವಿನ ವೇಷ ಇದಕ್ಕೆ. ಎಳೆ ಕಡಿಮೆ ಇದ್ದರೆ ಹರಿವಿಗೆ ಸಿಕ್ಕಿ ಕಾಲಾಡಿಸುತ್ತವೆ. ಜಾಸ್ತಿ ಇದ್ದರೆ ಒಂದಕ್ಕೊಂದು ಒತ್ತಿಕೊಂಡು ಕೊಡೆಯ ಹಾಗೆ ನಿಲ್ಲುತ್ತವೆ. ಇಲ್ಲಿಯವರು ಇಂಥ ನೊಣಕ್ಕೆ ‘ಸ್ಪೈಡರ್’ ಅನ್ನುತ್ತಾರೆ. ಗಾಳ ಹಾಕುವುದರ ಬಗ್ಗೆ ಪುಸ್ತಕ ಬರೆದ ಸ್ಕಾಟ್‌ಲೆಂಡಿನ ಡಬ್ಲ್ಯು.ಸಿ. ಸ್ಟೀವರ್ಟ್ 1857ರಲ್ಲೇ ಇದರ ಗುಣ ಹಾಡಿ ಹೊಗಳಿದ್ದ. ಅವನ ಕಪ್ಪು ಸ್ಪೈಡರ್‌ಗೆ ಕಂದು ರೇಷ್ಮೆ ದಾರ, ಸ್ಟಾರ್ಲಿಂಗ್ ಹಕ್ಕಿಯ ಒಂದು ಗರಿ ಬಿಟ್ಟರೆ ಬೇರೇನೂ ಇಲ್ಲ.

ಕಟ್ಟಿ ಆದ ಮೇಲೆ ಒಂದು ಲೋಟ ನೀರಿಗೆ ಹಾಕಿ ನೋಡಿ. ಕಿತ್ತಳೆ ದಾರ ನೆನೆದು ಕಂದಾಗುತ್ತದೆ. ನಾನು ಮೊದಲ ಸಲ ನೋಡಿದಾಗ ಬಣ್ಣ ಹೋಯ್ತು ಅಂತ ಹೆದರಿದ್ದೆ. ಅದೇ ಸರಿಯಾದ ಬಣ್ಣ. ಅಂದಹಾಗೆ ನದಿಗೆ ಹೋಗುವ ಮುಂಚೆ ಲೈಸೆನ್ಸ್ ಮಾಡಿಸಿ, ಆ ಭಾಗದ ನೀರು ಯಾವ ಕ್ಲಬ್ಬಿನದೋ ಅವರ ಟಿಕೆಟ್ ತಗೊಳ್ಳಿ. ಯಾರ್ಕ್‌ಶೈರ್‌ನಲ್ಲಿ ಕಂದು ಟ್ರೌಟ್ ಮೀನು ಹಿಡಿಯಲು ಅವಕಾಶ ಇರುವುದು ಮಾರ್ಚ್ 25ರಿಂದ ಸೆಪ್ಟೆಂಬರ್ 30ರವರೆಗೆ ಮಾತ್ರ.

ನಮ್ಮ ಎಸ್ಟೇಟ್ ಬಂಗಲೆಯ ಅಟ್ಟದಲ್ಲಿ ತಗಡಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಬಣ್ಣಬಣ್ಣದ ಗರಿಯ ದೊಡ್ಡ ನೊಣಗಳಿವೆ. ಕೆಲವಕ್ಕೆ ಎರಡು ಬದಿಯಲ್ಲೂ ಕಪ್ಪು ಗರಿ, ಅದರ ಮೇಲೆ ಬಿಳಿ-ಹಳದಿ ಬೊಟ್ಟು, ಅರಗು ತೊಟ್ಟಿಕ್ಕಿದ ಹಾಗೆ. ಯಾವ ವಿದೇಶಿ ಹಕ್ಕಿಯದು?
– ಕಾಫಿ ಬೆಳೆಗಾರರು, ಸಕಲೇಶಪುರ

ವಿದೇಶದ್ದಲ್ಲ ಸ್ವಾಮಿ. ಬೆಳಗ್ಗೆ ನಿಮ್ಮ ತೋಟದ ಅಂಚಿನಲ್ಲಿ ಕೂಗುತ್ತಲ್ಲ, ಅದೇ ಬೂದು ಕಾಡುಕೋಳಿ. ಹುಂಜದ ಕತ್ತಿನ ಗರಿ ಅದು. ಅರಗು ಅಂದಿರಲ್ಲ, ಸರಿಯಾಗಿಯೇ ಗುರುತಿಸಿದ್ದೀರಿ. ಗರಿಯ ದಂಟೇ ಅಲ್ಲಿ ಅಗಲವಾಗಿ, ಗಟ್ಟಿಯಾಗಿ ಬೊಟ್ಟಾಗಿರುತ್ತದೆ. ಉಗುರಿನಿಂದ ಮುಟ್ಟಿದರೆ ತಿಳಿಯುತ್ತದೆ.

ನಿಮ್ಮ ಡಬ್ಬಿಯಲ್ಲಿರುವುದು ಸ್ಕಾಟ್‌ಲೆಂಡ್ ಕಡೆಯ, ಸಾಲ್ಮನ್ ಮೀನು ಹಿಡಿಯಲು ಕಟ್ಟುವ ನೊಣಗಳು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇವುಗಳ ಹುಚ್ಚು ಮಿತಿಮೀರಿತ್ತು. ‘ಜಾಕ್ ಸ್ಕಾಟ್’ ಅನ್ನುವ ಒಂದೇ ನೊಣಕ್ಕೆ ಉಷ್ಟ್ರಪಕ್ಷಿ, ಟೂಕನ್, ಕಾಡುಕೋಳಿ, ಇನ್ನೂ ಏನೇನೋ ಬೇಕು. ನಮ್ಮ ಕಾಡುಕೋಳಿಯ ಕತ್ತಿನ ತೊಗಲು ರಾಶಿ ರಾಶಿ ಹಡಗು ಹತ್ತಿದ್ದು ಇದಕ್ಕೇ. ತಮಾಷೆ ನೋಡಿ, ಅವರು ‘ಇಂಡಿಯನ್ ಕ್ರೋ’ ಅಂತ ಕರೆಯುವ ಕೆಂಪು ಗರಿಗೂ ನಮಗೂ ಸಂಬಂಧವೇ ಇಲ್ಲ. ಅದು ದಕ್ಷಿಣ ಅಮೆರಿಕದ ಹಕ್ಕಿ, ಕಾಗೆಯೂ ಅಲ್ಲ. ನಿಜವಾಗಿ ಇಂಡಿಯಾದಿಂದ ಹೋದದ್ದಕ್ಕೆ ಇಂಡಿಯಾದ ಹೆಸರಿಲ್ಲ.

ಒಂದು ನೊಣ ಎತ್ತಿ ಗಾಳದ ತಲೆ ನೋಡಿ. ಕಬ್ಬಿಣದ ಕಣ್ಣಿನ ಬದಲು ಹುರಿಯ ಕುಣಿಕೆ ಇದ್ದರೆ ಅದು ರೇಷ್ಮೆ ಹುಳುವಿನ ಒಡಲಿನಿಂದ ಎಳೆದ ‘ಗಟ್’, ತುಂಬಾ ಹಳೆಯದಿರಬಹುದು. ಅದನ್ನು ಜಗ್ಗಬೇಡಿ, ಒಣಗಿ ಪಟ್ಟನೆ ಮುರಿಯುತ್ತದೆ.

ಮಾರಬಹುದಾ ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕಾಡುಕೋಳಿ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಹಕ್ಕಿ. ಅರಣ್ಯ ಇಲಾಖೆಯವರನ್ನು ಕೇಳದೆ ಮಾರಲು, ಪಾರ್ಸೆಲ್ ಮಾಡಲು ಹೋಗಬೇಡಿ. ಇಲ್ಲಿ ನಾವು ಬಳಸುವುದು ಸಾಕಿದ ಕಾಡುಕೋಳಿಗಳ ಗರಿ. ಆ ಹಳೆಯ ನೊಣಗಳ ಸಾಮಗ್ರಿ ಪಟ್ಟಿಯಲ್ಲಿರುವ ಗರಿಯೇ ಬೇಕು ಅಂತ ಹಟ ಹಿಡಿಯುವವರ ಮೇಲೆ ನನಗೆ ಸಿಟ್ಟಿದೆ. 2009ರಲ್ಲಿ ಲಂಡನ್ ಹತ್ತಿರದ ಟ್ರಿಂಗ್ ಮ್ಯೂಸಿಯಂಗೆ ನುಗ್ಗಿ 299 ಹಕ್ಕಿಗಳ ತೊಗಲು ಕದ್ದವನೂ ಇಂಥ ನೊಣ ಕಟ್ಟುವವನೇ. ಅದರಲ್ಲಿ ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ವಾಲೇಸ್ 1850ರ ದಶಕದಲ್ಲಿ ಸಂಗ್ರಹಿಸಿದ ಹಕ್ಕಿಗಳೂ ಇದ್ದವು. ಬಣ್ಣ ಹಾಕಿದ ಫಾರಂ ಕೋಳಿ ಗರಿಯಲ್ಲಿ ಚೆನ್ನಾಗಿಯೇ ಕಟ್ಟಬಹುದು. ಸಾಲ್ಮನ್ ಏನು ಹಕ್ಕಿಯ ಹೆಸರು ಕೇಳುತ್ತಾ?

ನಾನು ಸಸ್ಯಾಹಾರಿ. ಮೀನು ಹಿಡಿಯುವ ಆಸೆ ಇಲ್ಲ, ಕಟ್ಟುವ ಕೆಲಸ ಮಾತ್ರ ಇಷ್ಟ. ಗರಿ ಮುಟ್ಟಲು ಮನಸ್ಸು ಬರುತ್ತಿಲ್ಲ. ದಾರಿ ಇದೆಯಾ?
– ಗೃಹಿಣಿ, ಮೈಸೂರು

ಇದೆ. ತಾನಾಗಿ ಉದುರಿದ ನವಿಲುಗರಿಯ ಎಳೆ ಸುತ್ತಿದರೆ ಹಸಿರು ಮಿಂಚುವ ಮೈ ಬರುತ್ತದೆ. ಕಾಲಿಗೆ ಉಣ್ಣೆಯ ಎಳೆ ಸಾಕು. ಗಾಳದ ಮೊನೆಯನ್ನು ಇಕ್ಕಳದಲ್ಲಿ ಮುರಿದು ಫ್ರೇಮ್ ಹಾಕಿಸಿ. ನಾನು ಮೀನು ತಿನ್ನುವವಳು, ಆದರೂ ನಾನು ಕಟ್ಟುವ ಹತ್ತರಲ್ಲಿ ಎರಡು ನೊಣ ನದಿ ಕಂಡರೆ ಹೆಚ್ಚು. ರೇಷ್ಮೆ ದಾರದ ಬದಲು ಹತ್ತಿ ದಾರವೂ ಆಗುತ್ತದೆ. ಆದರೆ ಮೈಸೂರಿನವರು ರೇಷ್ಮೆ ಬೇಡ ಅಂದರೆ ನಂಬುವುದು ಸ್ವಲ್ಪ ಕಷ್ಟ!

ತೊಗಲಿನ ಸಮೇತ ತರಿಸಿದ ಗರಿಗೆ ಹುಳ ಬಿದ್ದಿದೆ. ಏನು ಮಾಡಲಿ?
– ಓದುಗರು, ಲೀಡ್ಸ್

ಅಯ್ಯೋ. ಹುಳ ಬಿದ್ದದ್ದನ್ನು ಈಗಲೇ ಕವರಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಉಳಿದವುಗಳಿಂದ ದೂರ ಇಡಿ. ಕೆಲವು ದಿನ ಫ್ರೀಜರ್‌ನಲ್ಲಿಡಿ. ಹೊರಗೆ ತೆಗೆದು, ಬಿಸಿ ಹಿಡಿಯಲು ಬಿಟ್ಟು, ಮತ್ತೆ ಇಡಿ. ಒಂದೇ ಸಲಕ್ಕೆ ಮೊಟ್ಟೆಗಳು ಉಳಿದುಕೊಳ್ಳಬಹುದು. ಇನ್ನು ಮುಂದೆ ಹೊಸ ತೊಗಲು ಬಂದ ದಿನವೇ ಹೀಗೆ ಮಾಡಿ. ಕಬೋರ್ಡಿಗೆ ಸೇರಿಸುವ ಮಾತು ಆಮೇಲೆ. ಮೂರು ವರ್ಷದ ಹಿಂದೆ ನಾನು ಸೋಮಾರಿತನ ಮಾಡಿ ಒಂದಿಡೀ ಪಾರ್ಟ್ರಿಜ್ ತೊಗಲು ಕಳೆದುಕೊಂಡೆ. ಡಬ್ಬಿ ತೆಗೆದರೆ ಪುಡಿ, ಬೋಳು ದಂಟು, ಒಂದು ಪತಂಗ. ಈಗ ನಮ್ಮ ಫ್ರೀಜರ್‌ನಲ್ಲಿ ತೆಂಗಿನ ತುರಿಯ ಪಕ್ಕ ಸದಾ ಒಂದು ಕವರ್ ಇರುತ್ತದೆ. ಮೇಲೆ ದೊಡ್ಡದಾಗಿ ‘ಅಡುಗೆಗಲ್ಲ’ ಅಂತ ಬರೆದಿದ್ದೇನೆ. ಹಾಗೆ ಬರೆದದ್ದು ಅತ್ತೆ ಒಮ್ಮೆ ಅದನ್ನು ಬಿಚ್ಚಿದ ಮೇಲೆ.