ಎಲೆಕ್ಟ್ರಿಕ್ ಕ್ಲಾಂಪ್ ಹಾಕಿದರೆ, ಕರೆಂಟ್ ಹೋದಾಗ ಜಾಬ್ ಸಡಿಲವಾಗುತ್ತದೆಯೇ?

ವಸಂತನರಸಾಪುರದ ನಿಮ್ಮ ಶಾಪ್‌ನಲ್ಲಿ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್) ಫಿಕ್ಸ್ಚರ್‌ನ, ಅಂದರೆ ಜಾಬನ್ನು (ಕಟಿಂಗ್ ಮಾಡಬೇಕಾದ ಲೋಹದ ತುಂಡನ್ನು) ಕೂರಿಸಿ ಹಿಡಿಯುವ ಚೌಕಟ್ಟಿನ, ಹೈಡ್ರಾಲಿಕ್ ಕ್ಲಾಂಪ್ ತೆಗೆದು ಎಲೆಕ್ಟ್ರಿಕ್ ಕ್ಲಾಂಪ್ ಹಾಕಬೇಕು ಅಂತಿದ್ದೀರಿ. ಮಳೆಗಾಳಿ ಶುರುವಾದರೆ ಕರೆಂಟ್ ಹೋಗಿ ಬಂದು ಮಾಡುತ್ತದೆ, ಆಗ ಜಾಬ್ ಬಿಟ್ಟುಕೊಳ್ಳುತ್ತಾ, ಯುಪಿಎಸ್ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ.

ಯುಪಿಎಸ್ ಸಾಲದು. ಕ್ಲಾಂಪಿನ ಹಿಡಿತ ಕರೆಂಟನ್ನು ನಂಬಿಕೊಂಡಿರಲೇಬಾರದು. ನಾನು ತುಮಕೂರಿನ ಅಂತರಸನಹಳ್ಳಿಯಲ್ಲಿ ಫಿಕ್ಸ್ಚರ್ ಡಿಸೈನ್ ಮಾಡುತ್ತೇನೆ. ಇಲ್ಲಿ ನಾವು ಬಿಡದೆ ಪಾಲಿಸುವ ನಿಯಮ ಒಂದಿದೆ: ಜಾಬ್ ಹಿಡಿದಾದ ಮೇಲೆ, ಕಟಿಂಗ್ ಶುರುವಾಗುವ ಮೊದಲೇ, ಮೋಟಾರಿನ ಪವರ್ ನಾವೇ ತೆಗೆದುಬಿಡಬೇಕು. ಇಡೀ ಸೈಕಲ್ ಮೋಟಾರ್ ಆಫ್ ಆಗಿದ್ದಾಗಲೇ ನಡೆಯಬೇಕು. ಆಗ ಕರೆಂಟ್ ಹೋದರೂ ಕ್ಲಾಂಪಿನ ಮಟ್ಟಿಗೆ ಏನೂ ಬದಲಾಗುವುದಿಲ್ಲ. ಹಿಡಿತದಲ್ಲಿ ದೋಷ ಇದ್ದರೆ ಟ್ರಯಲ್‌ನಲ್ಲೇ ಗೊತ್ತಾಗುತ್ತದೆ, ಮಳೆಗಾಲದ ತನಕ ಕಾಯಬೇಕಿಲ್ಲ. ನಿಂತಲ್ಲೇ ಒತ್ತುತ್ತಾ ಇರುವ ಮೋಟಾರ್ ಸುಮ್ನೆ ಬಿಸಿಯಾಗುವುದೂ ತಪ್ಪುತ್ತದೆ.

ಹಾಗಾದರೆ ಹಿಡಿಯುವವರು ಯಾರು? ಮೊದಲು ಮೋಟಾರ್ ತಿರುಗಿಸಿ ಕ್ಲಾಂಪ್ ಒತ್ತುವ ಸ್ಕ್ರೂ ನೋಡಿ. ಟಿಆರ್ 20×4 ಟ್ರೆಪಿಜಾಯ್ಡಲ್ ಸ್ಕ್ರೂ ಇದೆ ಅಂದುಕೊಳ್ಳಿ. ಪಿಚ್ ಡಯಾ (ಹಲ್ಲಿನ ನಡುಮಟ್ಟದ ವ್ಯಾಸ) 18 ಮಿ.ಮೀ., ಲೀಡ್ (ಒಂದು ಸುತ್ತಿಗೆ ಮುಂದೆ ಹೋಗುವ ದೂರ) 4 ಮಿ.ಮೀ. ಹೆಲಿಕ್ಸ್ ಕೋನ (ಹಲ್ಲಿನ ಇಳಿಜಾರು) ಸುಮಾರು 4 ಡಿಗ್ರಿ ಬರುತ್ತದೆ. ಗ್ರೀಸ್ ಹಾಕಿದ ಸ್ಟೀಲ್ ಸ್ಕ್ರೂ, ಬ್ರಾಂಜ್ ನಟ್ ನಡುವೆ ಘರ್ಷಣೆಯ ಗುಣಾಂಕ 0.1ರಿಂದ 0.15 ಅಂತ ಹಿಡಿದರೆ ಘರ್ಷಣೆಯ ಕೋನ ಸುಮಾರು 6ರಿಂದ 8.5 ಡಿಗ್ರಿ. ಹೆಲಿಕ್ಸ್ ಕೋನ ಇದಕ್ಕಿಂತ ಕಡಿಮೆ ಇರುವ ತನಕ ಸ್ಕ್ರೂ ತಾನಾಗಿ ಹಿಂದೆ ತಿರುಗುವುದಿಲ್ಲ. ಲಾರಿ ಎತ್ತುವ ಸ್ಕ್ರೂ ಜಾಕ್ ಕೈ ಬಿಟ್ಟರೂ ಕೆಳಗಿಳಿಯಲ್ಲ ಅಲ್ವಾ, ಅದೇ ಲೆಕ್ಕ. ಕ್ಲಾಂಪ್ ಬೇಗ ಓಡಲಿ ಅಂತ ಅದೇ ಸೈಜಿನಲ್ಲಿ ಡಬಲ್ ಸ್ಟಾರ್ಟ್ (ಎರಡು ಹಲ್ಲಿನ ಸಾಲು) ಹಾಕಿದರೆ ಲೀಡ್ 8 ಆಗಿ ಕೋನವೂ 8 ಡಿಗ್ರಿ ಆಗುತ್ತದೆ. ಅದನ್ನು ನಂಬುವ ಹಾಗಿಲ್ಲ. ಬಾಲ್ ಸ್ಕ್ರೂ (ಹಲ್ಲಿನ ನಡುವೆ ಗುಂಡುಗಳು ಉರುಳುವ ಸ್ಕ್ರೂ) ಆದರಂತೂ ಮೋಟಾರ್ ಬಿಟ್ಟ ಕೂಡಲೇ ಹಿಂದಕ್ಕೆ ಓಡುತ್ತದೆ. ಅದರ ದಕ್ಷತೆ 90 ಪರ್ಸೆಂಟಿನ ಹತ್ತಿರ, ತಡೆಯುವಷ್ಟು ಘರ್ಷಣೆ ಅಲ್ಲಿ ಇಲ್ಲ.

ಆದರೆ ಸೆಲ್ಫ್ ಲಾಕಿಂಗ್ (ತಾನಾಗಿ ಹಿಂದೆ ತಿರುಗದ) ಸ್ಕ್ರೂ ಇದೆ ಅಂತ ನೆಮ್ಮದಿಯಾಗಿ ಕೂರುವಂತಿಲ್ಲ. ಈ ಲೆಕ್ಕವೆಲ್ಲ ನಿಂತ ಸ್ಕ್ರೂಗೆ ಮಾತ್ರ ಸರಿ. ಕಟಿಂಗ್ ನಡೆಯುವಾಗ ಇಡೀ ಫಿಕ್ಸ್ಚರ್ ನಡುಗುತ್ತಿರುತ್ತದೆ. ಎಂ12 ಬೋಲ್ಟಿನ ಕೋನ 3 ಡಿಗ್ರಿಗಿಂತ ಸ್ವಲ್ಪ ಕಡಿಮೆ, ಅಂದರೆ ನಮ್ಮ ಸ್ಕ್ರೂಗಿಂತ ಭದ್ರ. ಅದೂ ಅಡ್ಡ ನಡುಕಕ್ಕೆ ಸಿಕ್ಕರೆ ಸಡಿಲವಾಗುತ್ತದೆ. ಇದನ್ನು ಜರ್ಮನಿಯ ಗೆರ್‌ಹಾರ್ಡ್ ಯುಂಕರ್ 1969ರಲ್ಲೇ ಪ್ರಯೋಗ ಮಾಡಿ ತೋರಿಸಿದರು. ವರ್ಮ್ ಗೇರ್‌ಬಾಕ್ಸಿಗೂ ಇದೇ ಮಾತು. ಹಾಗಾಗಿ ಸ್ಕ್ರೂ ಜೊತೆಗೆ ಬ್ರೇಕ್ ಬೇಕೇ ಬೇಕು.

ಬ್ರೇಕ್ ಅಂದರೆ ಸ್ಪ್ರಿಂಗ್‌ನಿಂದ ಹಿಡಿದು ಕರೆಂಟ್ ಕೊಟ್ಟಾಗ ಬಿಡುವಂಥದ್ದು. ಕರೆಂಟ್ ಕೊಟ್ಟಾಗ ಹಿಡಿಯುವ ಬ್ರೇಕ್ ಇಲ್ಲಿ ಕೆಲಸಕ್ಕೆ ಬಾರದು. ಮೋಟಾರಿನ ವೈಂಡಿಂಗ್ ಶಾರ್ಟ್ ಮಾಡುವ ಡೈನಾಮಿಕ್ ಬ್ರೇಕಿಂಗ್ ಕೂಡ ಆಗುವುದಿಲ್ಲ. ಅದು ತಿರುಗುತ್ತಿರುವುದನ್ನು ನಿಧಾನ ಮಾಡುತ್ತದೆ, ನಿಂತಿದ್ದನ್ನು ಹಿಡಿದಿಡುವುದಿಲ್ಲ. ಮೋಟಾರಿಗೂ ಸ್ಕ್ರೂಗೂ ಮಧ್ಯೆ ಬೆಲ್ಟ್ ಇದ್ದರೆ ಬ್ರೇಕನ್ನು ಸ್ಕ್ರೂ ಕಡೆಗೇ ಹಾಕಿಸಿ. ಬೆಲ್ಟ್ ಕಿತ್ತುಹೋದ ದಿನ ಮೋಟಾರ್ ಕಡೆಯ ಬ್ರೇಕ್ ಇದ್ದೂ ಇಲ್ಲದ ಹಾಗೆ.

ಕ್ರಮವನ್ನು ಪಿಎಲ್‌ಸಿಯಲ್ಲಿ (ಮಷಿನ್ ನಡೆಸುವ ಕಂಟ್ರೋಲರ್‌ನಲ್ಲಿ) ಹೀಗೆ ಬರೆಸಿ. ಮೋಟಾರ್ ಒತ್ತಲಿ, ಟಾರ್ಕ್ ಸೆಟ್ ಆದಷ್ಟಕ್ಕೆ ಮುಟ್ಟಲಿ. ಒತ್ತುತ್ತಾ ಇರುವಾಗಲೇ ಬ್ರೇಕ್ ಬೀಳಲಿ. ಬ್ರೇಕ್ ಪೂರ್ತಿ ಹಿಡಿಯುವುದಕ್ಕೆ ಹತ್ತಾರು ಮಿಲಿಸೆಕೆಂಡ್ ಬೇಕು. ಅಷ್ಟು ಕಾದು ಆಮೇಲೆ ಮೋಟಾರ್ ಬಿಡಲಿ. ಇದು ಉಲ್ಟಾ ಆದರೆ ಆ ಸಣ್ಣ ಗ್ಯಾಪ್‌ನಲ್ಲೇ ಬಾಲ್ ಸ್ಕ್ರೂ ಸ್ವಲ್ಪ ಜಾರಿರುತ್ತದೆ. ಬ್ರೇಕ್ ಕಾಯಿಲನ್ನು ರೆಕ್ಟಿಫೈಯರ್‌ನ (ಎಸಿಯನ್ನು ಡಿಸಿ ಮಾಡುವ ಸಾಧನದ) ಎಸಿ ಕಡೆ ಕಟ್ ಮಾಡಿದರೆ ಬೀಳುವುದು ಇನ್ನೂ ತಡ. ಡಿಸಿ ಕಡೆ ಕಟ್ ಮಾಡಿಸಿ.

ಎಲ್ಲರೂ ಮರೆಯುವುದು ಮುಂದಿನದನ್ನು. ಸ್ಕ್ರೂ ಒಂದಿಷ್ಟೂ ತಿರುಗದಿದ್ದರೂ ಹಿಡಿತ ಕಡಿಮೆಯಾಗಬಹುದು. ಗಟ್ಟಿ ಕ್ಲಾಂಪ್ ಒಂದು 1 ಟನ್ ಒತ್ತಿದಾಗ ಒಟ್ಟು 0.05 ಮಿ.ಮೀ. ಬಾಗುತ್ತದೆ ಅಂದುಕೊಳ್ಳಿ. ರಫಿಂಗ್ (ಮೊದಲ ಒರಟು ಕಟಿಂಗ್) ಮುಗಿಸಿ, ಕ್ಲಾಂಪ್ ಸಡಿಲಿಸಿ, ಫಿನಿಶಿಂಗ್‌ಗೆ ಮತ್ತೆ ಹಿಡಿಸಿದ್ದೀರಿ. ಜಾಬ್ ಇನ್ನೂ ಬಿಸಿ ಇದೆ. ಆಗ ಕರೆಂಟ್ ಹೋಗಿ ಅದು ಹಾಗೇ ತಣ್ಣಗಾಯಿತು. 100 ಮಿ.ಮೀ. ಅಗಲದ ಅಲ್ಯೂಮಿನಿಯಂ ಜಾಬ್ 10 ಡಿಗ್ರಿ ತಣ್ಣಗಾದರೆ ಸುಮಾರು 0.023 ಮಿ.ಮೀ. ಕುಗ್ಗುತ್ತದೆ. 0.05ರಲ್ಲಿ 0.023 ಹೋದರೆ ಹಿಡಿತ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು! ಬ್ರೇಕ್ ಸರಿಯಾಗಿದೆ, ಸ್ಕ್ರೂ ಇದ್ದಲ್ಲೇ ಇದೆ, ಪ್ರಾಕ್ಸಿಮಿಟಿ ಸ್ವಿಚ್ಚೂ ಓಕೆ ಅನ್ನುತ್ತಿದೆ. ಜಾಬ್ ಮಾತ್ರ ಅರೆಬರೆ ಹಿಡಿತದಲ್ಲಿದೆ. ಸ್ವಿಚ್ ಹೇಳುವುದು ಕ್ಲಾಂಪ್ ಎಲ್ಲಿದೆ ಅಂತ, ಎಷ್ಟು ಒತ್ತುತ್ತಿದೆ ಅಂತ ಅಲ್ಲ.

ಇದಕ್ಕೆ ಮದ್ದು ಡಿಸ್ಕ್ ಸ್ಪ್ರಿಂಗ್, ಅಂದರೆ ಬಟ್ಟಲಿನಂತೆ ಬಾಗಿದ ವಾಷರ್ ಆಕಾರದ ಸ್ಪ್ರಿಂಗ್. ಸ್ಕ್ರೂಗೂ ಕ್ಲಾಂಪ್ ಬಾಯಿಗೂ ನಡುವೆ ಡಿಸ್ಕ್ ಸ್ಪ್ರಿಂಗ್‌ಗಳ ಒಂದು ಸಾಲು ಕೂರಿಸಿ. 1 ಟನ್‌ಗೆ 2 ಮಿ.ಮೀ. ಕುಗ್ಗುವ ಹಾಗೆ ಆರಿಸಿಕೊಂಡರೆ, ಅದೇ 0.023 ಮಿ.ಮೀ.ಗೆ ನೀವು ಕಳೆದುಕೊಳ್ಳುವುದು ಸುಮಾರು 1 ಪರ್ಸೆಂಟ್ ಮಾತ್ರ. ಬ್ರೇಕಿನಲ್ಲಿ ಚೂರು ಆಟ ಇದ್ದರೂ, ಪ್ಯಾಡ್ ಕೆಳಗೆ ಬರ್ (ಕಟಿಂಗ್‌ನಲ್ಲಿ ಉಳಿದ ಚೂಪು ಅಂಚು) ಅಮುಕಿಹೋದರೂ ಸ್ಪ್ರಿಂಗ್ ಅದನ್ನು ತುಂಬಿಕೊಡುತ್ತದೆ. ಖರ್ಚು ಜಾಸ್ತಿ ಇಲ್ಲ. ದುಡ್ಡು ಉಳಿಸಲೇಬೇಕಿದ್ದರೆ ಬೇರೆಲ್ಲಾದರೂ ಉಳಿಸಿ, ಇಲ್ಲಿ ಬೇಡ.

ಜಾಗ ಇದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು: ಹಿಡಿಯುವ ಕೆಲಸ ಪೂರ್ತಿ ಸ್ಪ್ರಿಂಗಿಗೆ, ಬಿಚ್ಚುವ ಕೆಲಸ ಮಾತ್ರ ಮೋಟಾರಿಗೆ. ನಿಮ್ಮ ವಿಎಂಸಿ ಸ್ಪಿಂಡಲ್ ಟೂಲ್ ಹಿಡಿಯುವುದೇ ಹೀಗೆ. ಒಳಗಿನ ಡಿಸ್ಕ್ ಸ್ಪ್ರಿಂಗ್‌ಗಳು ಟೂಲನ್ನು ಎಳೆದು ಹಿಡಿದಿರುತ್ತವೆ. ಮಷಿನ್ ಆಫ್ ಮಾಡಿ ಹೋದರೂ ಟೂಲ್ ಬೀಳುವುದಿಲ್ಲ. ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ. ಸ್ಪ್ರಿಂಗ್ ಬಿರುಕು ಬಿಟ್ಟಿದೆಯಾ ಅಂತ ಆಗಾಗ ನೋಡಬೇಕು, ಅಷ್ಟೆ.

ಮ್ಯಾಗ್ನೆಟಿಕ್ ಚಕ್ ಯೋಚನೆಯೂ ಇದ್ದರೆ ಒಂದು ಮಾತು. ಬರೀ ಎಲೆಕ್ಟ್ರೋಮ್ಯಾಗ್ನೆಟ್ ಆದರೆ ಕರೆಂಟ್ ಹೋದಾಗ ಜಾಬ್ ಬಿಡುತ್ತದೆ. ಎಲೆಕ್ಟ್ರೋ ಪರ್ಮನೆಂಟ್ ತಗೊಳ್ಳಿ. ಅದಕ್ಕೆ ಹಿಡಿಸುವಾಗ, ಬಿಡಿಸುವಾಗ ಮಾತ್ರ ಒಂದು ಕ್ಷಣ ಕರೆಂಟ್ ಬೇಕು.

ಕರೆಂಟ್ ಹೋದಾಗಿನಷ್ಟೇ ಅಪಾಯ ಅದು ವಾಪಸ್ ಬಂದಾಗಲೂ ಇದೆ. ಕೆಲವು ಡ್ರೈವ್‌ಗಳು ಆನ್ ಆದ ಕೂಡಲೇ ಹೋಮಿಂಗ್‌ಗೆ (ಶುರುವಿನ ಜಾಗ ಹುಡುಕಲು) ಹೋಗುವ ಹಾಗೆ ಪ್ರೋಗ್ರಾಂ ಆಗಿರುತ್ತವೆ. ಬಾಯಲ್ಲಿ ಜಾಬ್ ಇದ್ದರೂ ಕ್ಲಾಂಪ್ ಬಿಚ್ಚಿಕೊಳ್ಳುತ್ತದೆ. ಆ್ಯಬ್ಸೊಲ್ಯೂಟ್ ಎನ್‌ಕೋಡರ್ (ಕರೆಂಟ್ ಹೋಗಿ ಬಂದರೂ ಮೋಟಾರ್ ಎಲ್ಲಿದೆ ಅಂತ ಹೇಳುವ ಸೆನ್ಸರ್) ಇರುವ ಮೋಟಾರ್ ತಗೊಂಡರೆ ಹೋಮಿಂಗ್ ಗೊಡವೆಯೇ ಇಲ್ಲ. ಸ್ಪಿಂಡಲ್ ನಿಂತಿರಬೇಕು, ಆಪರೇಟರ್ ಬಟನ್ ಒತ್ತಬೇಕು, ಎರಡೂ ಆದರೆ ಮಾತ್ರ ಕ್ಲಾಂಪ್ ಬಿಚ್ಚಬೇಕು. ಕರೆಂಟ್ ಹೋದ ಮೇಲೂ ಸ್ಪಿಂಡಲ್ ಒಂದಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ, ಮರೆಯಬೇಡಿ. ಎಮರ್ಜೆನ್ಸಿ ಬಟನ್ ಒತ್ತಿದರೂ ಕ್ಲಾಂಪ್ ಬಿಚ್ಚಬಾರದು. ಯುಪಿಎಸ್ ಹಾಕುವುದಾದರೆ ಪಿಎಲ್‌ಸಿಯ 24 ವೋಲ್ಟಿಗೆ ಹಾಕಿ. ಕರೆಂಟ್ ಹೋಗುವಾಗ ಏನು ಸ್ಥಿತಿ ಇತ್ತು ಅಂತ ಅದಕ್ಕೆ ಗೊತ್ತಿರುತ್ತದೆ.

ಟೆಸ್ಟ್ ಮಾಡದೆ ಮಾತ್ರ ಪ್ರೊಡಕ್ಷನ್‌ಗೆ ಕೊಡಬೇಡಿ. ಲೋಡ್ ಸೆಲ್ ಇಲ್ಲ ಅಂದರೂ ಪರವಾಗಿಲ್ಲ. ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ನಮ್ಮ ಶಾಪ್‌ಗೆ ಬಂದಿದ್ದ ಹಿರಿಯರೊಬ್ಬರು ಸುಲಭದ ದಾರಿ ಹೇಳಿಕೊಟ್ಟಿದ್ದರು. ಡಿಸ್ಕ್ ಸ್ಪ್ರಿಂಗ್‌ಗಳ ಸಾಲಿನ ಉದ್ದಕ್ಕೆ, ಅದು ಎಷ್ಟು ಕುಗ್ಗಿದೆ ಅಂತ ತೋರಿಸುವ ಹಾಗೆ, 1 ಮೈಕ್ರಾನ್ ಡಯಲ್ ಇಡಿ. ಜಾಬ್ ಹಿಡಿಸಿ ಡಯಲ್ ಸೊನ್ನೆ ಮಾಡಿ. ಮೇನ್ ಸ್ವಿಚ್ ಆಫ್ ಮಾಡಿ ಮುಳ್ಳು ನೋಡಿ. ಮೇಲೆ ಹೇಳಿದ ಸ್ಪ್ರಿಂಗ್ ಆದರೆ 20 ಮೈಕ್ರಾನ್ ಸರಿದರೆ 1 ಪರ್ಸೆಂಟ್ ಹೋಯಿತು ಅಂತ ಲೆಕ್ಕ. ಊಟ ಮುಗಿಸಿ ಬಂದು ಮತ್ತೆ ನೋಡಿ. ಆಮೇಲೆ ಬಿಸಿ ಜಾಬ್ ಹಾಕಿ ತಣ್ಣಗಾಗಲು ಬಿಟ್ಟು ನೋಡಿ. ಕೊನೆಗೆ ಬ್ರೇಕನ್ನು ಕೈಯಿಂದ ಬಿಡಿಸಿ, ಸ್ಕ್ರೂ ಒಂದೇ ಎಷ್ಟು ಹಿಡಿಯುತ್ತದೆ ಅಂತಲೂ ನೋಡಿ. ಈ ಪರೀಕ್ಷೆ ಮಾಡುವಾಗ ಸ್ಪಿಂಡಲ್ ಆಫ್ ಇರಲಿ, ಕೈ ದೂರ ಇರಲಿ.

ನಿಮ್ಮ ಸ್ಕ್ರೂ ಡಯಾ, ಲೀಡ್, ಎಷ್ಟು ಸ್ಟಾರ್ಟ್, ಎಷ್ಟು ಟನ್ ಬೇಕು ಅಂತ ಬರೆಯಿರಿ. ಡಿಸ್ಕ್ ಸ್ಪ್ರಿಂಗ್ ಸೈಜು, ಸಾಲಿನಲ್ಲಿ ಎಷ್ಟು ಬೇಕು ಅನ್ನುವುದನ್ನು ಲೆಕ್ಕ ಹಾಕಿ ಕೊಡುತ್ತೇನೆ.