ಕೊಲೆಸ್ಟರಾಲ್ ಇಳಿಸುವ ಚುಚ್ಚುಮದ್ದು ವರ್ಷಗಟ್ಟಲೆ ಸುರಕ್ಷಿತವೇ ಎಂದು ಹೇಗೆ ಪರೀಕ್ಷಿಸುತ್ತಾರೆ?

ಮೊದಲ ಹಂತದಲ್ಲಿ ಅರ್ಧದಷ್ಟು ಜನರಿಗೆ ನಿಜವಾದ ಔಷಧ, ಉಳಿದವರಿಗೆ ಔಷಧವಿಲ್ಲದ ಚುಚ್ಚುಮದ್ದು ಕೊಡುತ್ತಾರೆ. ಯಾರಿಗೆ ಯಾವುದು ಎಂಬುದು ರೋಗಿಗೂ ತಿಳಿದಿರುವುದಿಲ್ಲ, ವೈದ್ಯರಿಗೂ ತಿಳಿದಿರುವುದಿಲ್ಲ. ಎವೊಲೊಕುಮ್ಯಾಬ್ ಎಂಬ ಇಂಥ ಒಂದು ಚುಚ್ಚುಮದ್ದಿನ ‘ಫೌರಿಯರ್’ ಪ್ರಯೋಗದಲ್ಲಿ 27,564 ಮಂದಿ ಇದ್ದರು. ಆದರೆ ನಿಗಾ ಅವಧಿ ಸುಮಾರು 2.2 ವರ್ಷ ಮಾತ್ರ. ಜೀವನಪರ್ಯಂತ ತೆಗೆದುಕೊಳ್ಳಬೇಕಾಗಬಹುದಾದ ಔಷಧಕ್ಕೆ ಇದು ಖಂಡಿತ ಸಾಲದು.

ಆದ್ದರಿಂದಲೇ ಮುಂದುವರಿಕೆ ಅಧ್ಯಯನ ನಡೆಯಿತು. ಅವರಲ್ಲಿ 6,635 ಮಂದಿಗೆ, ಯಾವ ಗುಂಪಿನವರೆಂದು ನೋಡದೆ, ನಿಜವಾದ ಔಷಧವನ್ನೇ ಕೊಟ್ಟರು. ಕೆಲವರು ಒಟ್ಟು 8 ವರ್ಷಕ್ಕೂ ಹೆಚ್ಚು ಕಾಲ ಅದನ್ನು ಪಡೆದರು. ಸ್ನಾಯುವಿನ ತೊಂದರೆ, ಹೊಸದಾಗಿ ಬರುವ ಮಧುಮೇಹ, ಮೆದುಳಿನ ರಕ್ತಸ್ರಾವ, ನೆನಪಿನ ಸಮಸ್ಯೆ ಇವುಗಳ ವಾರ್ಷಿಕ ಪ್ರಮಾಣ ವರ್ಷ ಕಳೆದಂತೆ ಏರಲಿಲ್ಲ ಎಂದು 2022ರ ವರದಿ ಹೇಳಿತು. ಇದು ನಿಜಕ್ಕೂ ಸಮಾಧಾನದ ಸುದ್ದಿ. ಆದರೂ ಒಂದು ಮಿತಿಯನ್ನು ಮರೆಯಬಾರದು: ಈ ಹಂತದಲ್ಲಿ ಹೋಲಿಸಲು ಔಷಧವಿಲ್ಲದ ಗುಂಪು ಇರುವುದಿಲ್ಲ, ಮತ್ತು ಔಷಧ ಒಗ್ಗದವರು ಮೊದಲೇ ಹೊರನಡೆದಿರುವ ಸಾಧ್ಯತೆ ಇರುತ್ತದೆ.

ಚುಚ್ಚುಮದ್ದಿಗೇ ವಿಶೇಷವಾದ ಇನ್ನೊಂದು ಪರೀಕ್ಷೆ ಇದೆ. ಪ್ರೋಟೀನ್ ರೂಪದ ಔಷಧವನ್ನು ದೇಹ ಪರಕೀಯವೆಂದು ಭಾವಿಸಿ ಅದರ ವಿರುದ್ಧ ಪ್ರತಿಕಾಯ ತಯಾರಿಸಬಹುದು. ಆಗಾಗ ರಕ್ತ ಪರೀಕ್ಷಿಸಿ ಇದನ್ನು ಗಮನಿಸುತ್ತಾರೆ. ಬೊಕೊಸಿಝುಮ್ಯಾಬ್ ಎಂಬ ಇದೇ ಬಗೆಯ ಇನ್ನೊಂದು ಔಷಧ ಸೋತದ್ದು ಬಹುಪಾಲು ಇಲ್ಲಿಯೇ. ಅನೇಕರಲ್ಲಿ ಪ್ರತಿಕಾಯ ಹುಟ್ಟಿ ಕೊಲೆಸ್ಟರಾಲ್ ಮತ್ತೆ ಏರಿತು, ಚುಚ್ಚಿದ ಜಾಗದಲ್ಲಿ ಕೆಂಪು, ಊತ ಹೆಚ್ಚಾಗಿ ಕಂಡವು. 2016ರಲ್ಲಿ ಅದರ ಅಭಿವೃದ್ಧಿಯನ್ನೇ ಕೈಬಿಟ್ಟರು.

ಮಾರುಕಟ್ಟೆಗೆ ಬಂದ ಮೇಲೂ ವೈದ್ಯರು, ರೋಗಿಗಳು ಅಡ್ಡಪರಿಣಾಮಗಳನ್ನು ವರದಿ ಮಾಡುತ್ತಲೇ ಇರುತ್ತಾರೆ. ಬಹಳ ಅಪರೂಪದ ತೊಂದರೆಗಳು ಹೆಚ್ಚಾಗಿ ಬೆಳಕಿಗೆ ಬರುವುದು ಆಗಲೇ.